ಕಾರು ಇನ್ಶೂರೆನ್ಸ್ ದರವೂ ನಮ್ಮ ಹೆಸರಿನ ಫೈಲೂ

ಈ ಸಲದ ಪಾಠ ನಮ್ಮ ಸಿಲಬಸ್‌ನಲ್ಲಿ ಇಲ್ಲ, ಆದರೆ ಪ್ರಾಬಬಿಲಿಟಿ ಪೇಪರ್ ಓದಿದವರಿಗೆ ಇದು ಹೊಸದೂ ಅಲ್ಲ.

ನಮ್ಮ ಸೀನಿಯರ್‌ಗಳಲ್ಲಿ ಎಷ್ಟೋ ಜನ ಎಂಎಸ್ ಮಾಡೋಕೆ ಅಮೆರಿಕಕ್ಕೆ ಹೋಗ್ತಾರೆ. ಅಲ್ಲಿ ಬಹಳ ಊರುಗಳಲ್ಲಿ ಕಾರಿಲ್ಲದೆ ತರಕಾರಿ ತರೋದೂ ಕಷ್ಟ. ಹಾಗಾಗಿ ಒಂದು ಸೆಕೆಂಡ್ ಹ್ಯಾಂಡ್ ಕಾರು ತಗೊಳ್ತಾರೆ, ಇನ್ಶೂರೆನ್ಸ್ ಮಾಡಿಸೋಕೆ ಹೋಗ್ತಾರೆ. ಆಗ ಒಂದು ವಿಚಿತ್ರ ಕಾಣುತ್ತೆ. ಅದೇ ಮಾಡೆಲ್ ಕಾರು, ಅದೇ ಬೀದಿ, ಇಬ್ಬರೂ ಒಂದೂ ಆ್ಯಕ್ಸಿಡೆಂಟ್ ಮಾಡಿಲ್ಲ, ಆದರೂ ಇಬ್ಬರ ದರ ಬೇರೆ ಬೇರೆ. ಏಜೆಂಟ್‌ನ ಕೇಳಿದರೆ "ಸಿಸ್ಟಮ್ ಕೊಟ್ಟ ದರ" ಅನ್ನೋ ಉತ್ತರ ಸಿಗಬಹುದು.

ಆ ಸಿಸ್ಟಮ್ ಏನನ್ನು ನೋಡುತ್ತೆ? ನಮ್ಮ ಬಗ್ಗೆ ಬೇರೆ ಯಾರೋ ಬರೆದಿಟ್ಟ ಫೈಲನ್ನು. ಆ ಫೈಲ್‌ನಲ್ಲಿ ಏನಿರುತ್ತೆ, ಅದು ದರದೊಳಗೆ ಹೇಗೆ ಸೇರುತ್ತೆ, ತಪ್ಪಿದ್ದರೆ ಏನು ಮಾಡಬಹುದು ಅಂತ ಒಂದೊಂದಾಗಿ ನೋಡೋಣ.

೧. ಮೊದಲು ಸ್ವಲ್ಪ ಗಣಿತ

ಒಂದು ಕಾಲ್ಪನಿಕ ಲೆಕ್ಕ ಮಾಡೋಣ. ಒಂದು ಕಂಪನಿಯಲ್ಲಿ 1000 ಚಾಲಕರು ಇದ್ದಾರೆ. ವರ್ಷಕ್ಕೆ ಅವರಲ್ಲಿ 50 ಜನರಿಗೆ ಒಂದೊಂದು ಅಪಘಾತ ಆಗುತ್ತೆ. ಒಂದು ಅಪಘಾತಕ್ಕೆ ಸರಾಸರಿ 4000 ಡಾಲರ್ ಖರ್ಚು. ಒಟ್ಟು 2,00,000 ಡಾಲರ್. ಕಂಪನಿಯ ಖರ್ಚು, ಲಾಭ ಎಲ್ಲ ಬಿಟ್ಟರೆ ಒಬ್ಬೊಬ್ಬರು 200 ಡಾಲರ್ ಕೊಟ್ಟರೆ ಸಾಕು.

ಈಗ ಕಂಪನಿಗೆ ಹೊಸದೊಂದು ಮಾಹಿತಿ ಸಿಕ್ಕಿತು ಅಂದುಕೊಳ್ಳಿ. ಅದನ್ನು ಇಟ್ಟುಕೊಂಡು 1000 ಜನರನ್ನು 500ರ ಎರಡು ಗುಂಪು ಮಾಡಿದರು. ಮೊದಲ ಗುಂಪಿನಲ್ಲಿ ವರ್ಷಕ್ಕೆ 20 ಅಪಘಾತ, ಎರಡನೇ ಗುಂಪಿನಲ್ಲಿ 30. ಈಗ ಮೊದಲನೇ ಗುಂಪಿನವರ ದರ 160 ಡಾಲರ್, ಎರಡನೆಯವರದು 240 ಡಾಲರ್. ಕಂಪನಿಗೆ ಬರೋ ಒಟ್ಟು ಹಣ ಅಷ್ಟೇ. ಹಂಚಿಕೆ ಮಾತ್ರ ಬದಲಾಯಿತು.

ಇಲ್ಲಿ ಒಂದು ಸಂಖ್ಯೆಯನ್ನು ಗಮನಿಸಿ. ಎರಡನೇ ಗುಂಪಿನ 500 ಜನರಲ್ಲಿ 470 ಜನ ಯಾವ ಅಪಘಾತವನ್ನೂ ಮಾಡಿಲ್ಲ. ಆದರೂ ಅವರು 40 ಡಾಲರ್ ಜಾಸ್ತಿ ಕಟ್ತಾರೆ. ಅವರು ಮಾಡಿದ ತಪ್ಪಿಗಲ್ಲ, ಅವರಂಥವರು ಅಂತ ಲೆಕ್ಕಕ್ಕೆ ಬಂದವರಲ್ಲಿ ಸ್ವಲ್ಪ ಜಾಸ್ತಿ ಜನ ಅಪಘಾತ ಮಾಡಿದ್ದಾರೆ ಅನ್ನೋ ಕಾರಣಕ್ಕೆ.

ಇನ್ಶೂರೆನ್ಸ್ ಅನ್ನೋದೇ ಹೀಗೆ. ಯಾರಿಗೆ ಅಪಘಾತ ಆಗುತ್ತೆ ಅಂತ ಮೊದಲೇ ಗೊತ್ತಿದ್ದರೆ ಇನ್ಶೂರೆನ್ಸೇ ಬೇಕಿರಲಿಲ್ಲ. ಹಾಗಾಗಿ ಗುಂಪು ಮಾಡೋದನ್ನೇ ತಪ್ಪು ಅನ್ನೋ ಹಾಗಿಲ್ಲ. ಯಾವ ಮಾಹಿತಿ ನೋಡಿ ಗುಂಪು ಮಾಡ್ತಾರೆ ಅನ್ನೋದೇ ನಿಜವಾದ ಪ್ರಶ್ನೆ.

೨. ಕನ್ಸ್ಯೂಮರ್ ರಿಪೋರ್ಟ್ ಅಂದರೆ ಏನು?

ಅಮೆರಿಕದಲ್ಲಿ 1970ರಲ್ಲಿ ಒಂದು ಕಾನೂನು ಬಂತು, ಹೆಸರು ಫೇರ್ ಕ್ರೆಡಿಟ್ ರಿಪೋರ್ಟಿಂಗ್ ಆ್ಯಕ್ಟ್. ಹೆಸರಲ್ಲಿ ಕ್ರೆಡಿಟ್ ಅಂತ ಇದ್ದರೂ ಅದು ಸಾಲಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ಒಬ್ಬ ವ್ಯಕ್ತಿಗೆ ಸಾಲ ಕೊಡಬೇಕಾ, ಇನ್ಶೂರೆನ್ಸ್ ಕೊಡಬೇಕಾ, ಕೆಲಸ ಕೊಡಬೇಕಾ ಅಂತ ತೀರ್ಮಾನ ಮಾಡೋಕೆ ಮೂರನೆಯವರು ಸಂಗ್ರಹಿಸಿ ಮಾರುವ ವರದಿಯನ್ನು ಈ ಕಾನೂನು ಕನ್ಸ್ಯೂಮರ್ ರಿಪೋರ್ಟ್ ಅನ್ನುತ್ತೆ. ಇನ್ಶೂರೆನ್ಸ್ ಕಂಪನಿಗಳು ದರ ನಿರ್ಧರಿಸಲು ಇಂಥ ವರದಿ ತರಿಸಿಕೊಳ್ಳೋದು ಆ ಕಾನೂನಿನ ಪ್ರಕಾರ ಸರಿಯಾದ ಉದ್ದೇಶವೇ.

ಕಾರು ಇನ್ಶೂರೆನ್ಸ್‌ಗೆ ಮುಖ್ಯವಾಗಿ ನಾಲ್ಕು ಕಡೆಯಿಂದ ಮಾಹಿತಿ ಬರುತ್ತೆ:

ಒಂದು, ರಾಜ್ಯ ಸರ್ಕಾರದ ಚಾಲನಾ ದಾಖಲೆ. ಟಿಕೆಟ್, ಲೈಸೆನ್ಸ್ ಸಸ್ಪೆಂಡ್ ಆಗಿದ್ದು ಇತ್ಯಾದಿ.
ಎರಡು, ಹಳೆಯ ಕ್ಲೇಮ್‌ಗಳ ವರದಿ.
ಮೂರು, ಕ್ರೆಡಿಟ್ ವರದಿಯಿಂದ ತಯಾರಾದ ಇನ್ಶೂರೆನ್ಸ್ ಸ್ಕೋರ್.
ನಾಲ್ಕು, ಈಚೆಗೆ ಬಂದ ಟೆಲಿಮ್ಯಾಟಿಕ್ಸ್. ಅಂದರೆ ಕಾರು ಅಥವಾ ಫೋನು ಕಳಿಸುವ ಚಾಲನೆಯ ಡೇಟಾ.

ಮೊದಲನೆಯದು ಸುಲಭ, ವಿವರ ಬೇಡ. ಉಳಿದ ಮೂರನ್ನು ನೋಡೋಣ.

೩. ಕ್ಲೂ ರಿಪೋರ್ಟ್

ಇಂಗ್ಲಿಷ್‌ನಲ್ಲಿ ಇದರ ಪೂರ್ತಿ ಹೆಸರು ಕಾಂಪ್ರಹೆನ್ಸಿವ್ ಲಾಸ್ ಅಂಡರ್‌ರೈಟಿಂಗ್ ಎಕ್ಸ್‌ಚೇಂಜ್. ಮೊದಲಕ್ಷರ ಸೇರಿಸಿದರೆ ಕ್ಲೂ. ಈಗ ಇದನ್ನು ನಡೆಸೋದು ಲೆಕ್ಸಿಸ್‌ನೆಕ್ಸಿಸ್ ರಿಸ್ಕ್ ಸೊಲ್ಯೂಷನ್ಸ್. ನೀವು ಒಂದು ಕಂಪನಿಯಲ್ಲಿ ಕ್ಲೇಮ್ ಮಾಡಿದರೆ ಆ ಕಂಪನಿ ವಿವರವನ್ನು ಇಲ್ಲಿಗೆ ಕಳಿಸುತ್ತೆ. ಯಾವ ದಿನ, ಯಾವ ಥರದ ನಷ್ಟ, ಎಷ್ಟು ಹಣ ಕೊಟ್ಟರು, ಇಷ್ಟೂ. ನೀವು ಕಂಪನಿ ಬದಲಾಯಿಸೋಕೆ ಹೋದಾಗ ಹೊಸ ಕಂಪನಿ ಅದೇ ಜಾಗದಿಂದ ಓದಿಕೊಳ್ಳುತ್ತೆ. ಏಳು ವರ್ಷದವರೆಗಿನ ಕ್ಲೇಮ್‌ಗಳು ಅದರಲ್ಲಿ ಇರುತ್ತವೆ.

ಅಂದರೆ "ಹಳೆ ಕಂಪನಿ ಬಿಟ್ಟೆ, ಹೊಸದಾಗಿ ಶುರು ಮಾಡ್ತೀನಿ" ಅನ್ನೋ ಹಾಗಿಲ್ಲ. ಇತಿಹಾಸ ನಮ್ಮ ಜೊತೆಗೇ ಬರುತ್ತೆ. ಕಂಪನಿ ಒಂದು ಪೈಸೆ ಕೊಡದೆ ತಿರಸ್ಕರಿಸಿದ ಕ್ಲೇಮ್ ಕೂಡ ಸೊನ್ನೆ ಮೊತ್ತದೊಂದಿಗೆ ದಾಖಲಾಗಿರಬಹುದು.

ಮನೆ ಇನ್ಶೂರೆನ್ಸ್‌ಗೂ ಇದೇ ಥರದ ವರದಿ ಇದೆ. ಅಲ್ಲಿ ಇನ್ನೊಂದು ತಿರುವು: ಕ್ಲೇಮ್ ಮನುಷ್ಯನ ಹೆಸರಿಗಷ್ಟೇ ಅಲ್ಲ, ಮನೆಯ ವಿಳಾಸಕ್ಕೂ ಅಂಟಿಕೊಳ್ಳುತ್ತೆ. ಹಿಂದಿನ ಮಾಲೀಕನ ಕಾಲದಲ್ಲಿ ಪೈಪ್ ಒಡೆದು ನೀರು ನುಗ್ಗಿದ್ದರೆ, ಹೊಸದಾಗಿ ಕೊಂಡವನ ದರಕ್ಕೂ ಅದು ಬರಬಹುದು. ಅದಕ್ಕೇ ಅಲ್ಲಿ ಮನೆ ಕೊಳ್ಳುವವರು "ನಿಮ್ಮ ಮನೆಯ ಕ್ಲೂ ರಿಪೋರ್ಟ್ ತರಿಸಿ ತೋರಿಸಿ" ಅಂತ ಮಾರುವವರನ್ನು ಕೇಳೋದುಂಟು.

ಇಷ್ಟೊಂದು ಮಾಹಿತಿ ಒಂದೇ ಕಡೆ ಸೇರಿದರೆ ಅಪಾಯವೂ ಇದೆ. ಲೆಕ್ಸಿಸ್‌ನೆಕ್ಸಿಸ್‌ಗಿಂತ ಮೊದಲು ಕ್ಲೂ ಚಾಯ್ಸ್‌ಪಾಯಿಂಟ್ ಅನ್ನೋ ಕಂಪನಿಯ ಕೈಲಿತ್ತು. ಸಾಮಾನ್ಯ ವ್ಯಾಪಾರಿಗಳ ಸೋಗಿನಲ್ಲಿ ಬಂದ ವಂಚಕರಿಗೆ ಆ ಕಂಪನಿ ತನ್ನಲ್ಲಿದ್ದ ಬೇರೆ ವೈಯಕ್ತಿಕ ಮಾಹಿತಿಯನ್ನು ಮಾರಿಬಿಟ್ಟಿತ್ತು. ಇದು 2005ರಲ್ಲಿ ಹೊರಗೆ ಬಂತು. 1,63,000ಕ್ಕಿಂತ ಹೆಚ್ಚು ಜನರ ವಿವರ ಹೋಗಿತ್ತು. 2006ರಲ್ಲಿ ಫೆಡರಲ್ ಟ್ರೇಡ್ ಕಮಿಷನ್ 1 ಕೋಟಿ ಡಾಲರ್ ದಂಡ, ಜೊತೆಗೆ ಗ್ರಾಹಕರ ಪರಿಹಾರಕ್ಕೆ 50 ಲಕ್ಷ ಡಾಲರ್ ವಸೂಲಿ ಮಾಡಿತು. ಅಲ್ಲಿ ಯಾರೂ ಸರ್ವರ್‌ಗೆ ಕನ್ನ ಹಾಕಿರಲಿಲ್ಲ ಅನ್ನೋದನ್ನು ಗಮನಿಸಿ. ಗ್ರಾಹಕರಾಗಿ ಅರ್ಜಿ ಹಾಕಿದರು, ಡೇಟಾ ತಗೊಂಡು ಹೋದರು, ಅಷ್ಟೇ.

೪. ಕ್ರೆಡಿಟ್ ಕಾರ್ಡ್ ಬಿಲ್ಲಿಗೂ ಬ್ರೇಕಿಗೂ ಏನು ಸಂಬಂಧ?

ನಮಗೆ ಓದುವಾಗ ಬಹಳ ಆಶ್ಚರ್ಯ ಆಗಿದ್ದು ಈ ಭಾಗ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಕಾರು ಇನ್ಶೂರೆನ್ಸ್ ಕಂಪನಿಗಳು ನಿಮ್ಮ ಕ್ರೆಡಿಟ್ ವರದಿ ನೋಡಬಹುದು.

ಇದರ ಹಿಂದೆ ಇರೋದು ಫೇರ್ ಐಸಾಕ್ ಕಂಪನಿ. 1956ರಲ್ಲಿ ಬಿಲ್ ಫೇರ್ ಅನ್ನೋ ಎಂಜಿನಿಯರ್, ಅರ್ಲ್ ಐಸಾಕ್ ಅನ್ನೋ ಗಣಿತಜ್ಞ ಸೇರಿ ಶುರು ಮಾಡಿದ್ದು. ಸಾಲ ಕೊಡುವಾಗ ಮ್ಯಾನೇಜರ್ ಮುಖ ನೋಡಿ ನಿರ್ಧರಿಸೋ ಬದಲು ಸಂಖ್ಯೆ ನೋಡಿ ನಿರ್ಧರಿಸಲಿ ಅನ್ನೋದು ಅವರ ಯೋಚನೆ. ಈಗ ಅದನ್ನು ಫೈಕೋ ಸ್ಕೋರ್ ಅಂತಾರೆ. 1990ರ ದಶಕದಲ್ಲಿ ಅದೇ ವಿಧಾನವನ್ನು ಇನ್ಶೂರೆನ್ಸ್‌ಗೂ ತಂದರು. ಸಾಲದ ಸ್ಕೋರ್ "ಇವರು ಸಾಲ ವಾಪಸ್ ಕಟ್ತಾರಾ" ಅಂತ ಅಂದಾಜು ಮಾಡಿದರೆ, ಇನ್ಶೂರೆನ್ಸ್ ಸ್ಕೋರ್ "ಇವರಿಂದ ಎಷ್ಟು ಕ್ಲೇಮ್ ಬರಬಹುದು" ಅಂತ ಅಂದಾಜು ಮಾಡುತ್ತೆ. ಇನ್‌ಪುಟ್ ಸರಿಸುಮಾರು ಒಂದೇ, ಔಟ್‌ಪುಟ್ ಬೇರೆ.

ಫೈಕೋದ ಇನ್ಶೂರೆನ್ಸ್ ಸ್ಕೋರ್‌ನಲ್ಲಿ ತೂಕ ಸುಮಾರು ಹೀಗಿರುತ್ತೆ: ಬಿಲ್ ಸಮಯಕ್ಕೆ ಕಟ್ಟಿದ ಇತಿಹಾಸಕ್ಕೆ 40%, ಬಾಕಿ ಇರುವ ಸಾಲಕ್ಕೆ 30%, ಎಷ್ಟು ವರ್ಷದಿಂದ ಕ್ರೆಡಿಟ್ ಇದೆ ಅನ್ನೋದಕ್ಕೆ 15%, ಹೊಸ ಸಾಲಕ್ಕೆ ಅರ್ಜಿ ಹಾಕಿದ್ದಕ್ಕೆ 10%, ಸಾಲದ ಬಗೆಗಳಿಗೆ 5%. ಇದರಲ್ಲಿ ಕಾರು ಓಡಿಸೋದರ ಬಗ್ಗೆ ಒಂದಂಶವೂ ಇಲ್ಲ.

ಈ ಸ್ಕೋರ್ ದರದಲ್ಲಿ ಸಾಮಾನ್ಯವಾಗಿ ಗುಣಕವಾಗಿ ಸೇರುತ್ತೆ. ನಮ್ಮದೇ ಒಂದು ಉದಾಹರಣೆ: ಮೂಲ ದರ 600 ಡಾಲರ್. ವಾಸದ ಜಾಗಕ್ಕೆ ಗುಣಕ 1.1. ಅಂದರೆ 660. ಕ್ರೆಡಿಟ್ ಚೆನ್ನಾಗಿದ್ದವರಿಗೆ ಗುಣಕ 0.8 ಆದರೆ 528 ಡಾಲರ್. ಚೆನ್ನಾಗಿಲ್ಲದವರಿಗೆ 1.4 ಆದರೆ 924 ಡಾಲರ್. ಇಬ್ಬರ ಚಾಲನಾ ದಾಖಲೆಯೂ ಸ್ವಚ್ಛ, ವ್ಯತ್ಯಾಸ 396 ಡಾಲರ್. ಗುಣಾಕಾರ ಆಗಿರೋದರಿಂದ ಮೂಲ ದರ ಜಾಸ್ತಿ ಇರುವ ಊರಲ್ಲಿ ಈ ವ್ಯತ್ಯಾಸವೂ ಹಿಗ್ಗುತ್ತೆ.

ಸಂಬಂಧ ಹೇಗೆ ಬಂತು? ಕೆಲವರು "ಹಣದ ವಿಷಯದಲ್ಲಿ ಎಚ್ಚರ ಇರೋರು ರಸ್ತೆಯಲ್ಲೂ ಎಚ್ಚರ ಇರ್ತಾರೆ" ಅಂತಾರೆ. ಇನ್ನು ಕೆಲವರು "ಕೈಯಲ್ಲಿ ದುಡ್ಡಿರೋರು ಸಣ್ಣ ಡೆಂಟ್‌ಗೆ ಕ್ಲೇಮ್ ಮಾಡಲ್ಲ, ತಾವೇ ಕೊಟ್ಟು ರಿಪೇರಿ ಮಾಡಿಸ್ತಾರೆ, ಅದಕ್ಕೆ ಕ್ಲೇಮ್ ಕಡಿಮೆ" ಅಂತಾರೆ. ಎರಡನೆಯದು ನಿಜವಾದರೆ ಸ್ಕೋರ್ ಅಳೆಯೋದು ಚಾಲನೆಯನ್ನಲ್ಲ, ಜೇಬನ್ನು. ಹೊಂದಾಣಿಕೆ ಇದೆ ಅಂದ ಮಾತ್ರಕ್ಕೆ ಕಾರಣ ಗೊತ್ತಾದ ಹಾಗಲ್ಲ. ಲೈಬ್ರರಿ ಫೈನ್ ಜಾಸ್ತಿ ಇರೋರಿಗೆ ಇಂಟರ್ನಲ್ಸ್‌ನಲ್ಲಿ ಮಾರ್ಕ್ಸ್ ಕಡಿಮೆ ಬಂದಿರಬಹುದು. ಹಾಗಂತ ಫೈನ್ ನೋಡಿ ಇಂಟರ್ನಲ್ಸ್ ಹಾಕಿದರೆ ನಾವು ಸುಮ್ಮನಿರ್ತೀವಾ?

೫. ಸರಿಯಾದ ಅಂದಾಜು, ಆದರೆ ನ್ಯಾಯ?

ಈ ಪ್ರಶ್ನೆಯನ್ನು ಅಮೆರಿಕದ ಸಂಸತ್ತೇ ಕೇಳಿತ್ತು. 2003ರ ಒಂದು ಕಾನೂನಿನಲ್ಲಿ, ಇದನ್ನು ಅಧ್ಯಯನ ಮಾಡಿ ಅಂತ ಫೆಡರಲ್ ಟ್ರೇಡ್ ಕಮಿಷನ್‌ಗೆ ಹೇಳಿತು. 2007ರ ಜುಲೈನಲ್ಲಿ ವರದಿ ಬಂತು.

ವರದಿ ಎರಡು ಮಾತು ಹೇಳಿತು. ಮೊದಲನೆಯದು, ಸ್ಕೋರ್ ನಿಜಕ್ಕೂ ಕೆಲಸ ಮಾಡುತ್ತೆ. ಕ್ಲೇಮ್‌ಗಳನ್ನು ಚೆನ್ನಾಗಿ ಅಂದಾಜು ಮಾಡುತ್ತೆ. ಸ್ಕೋರ್ ಬಳಸಿದರೆ ಸುಮಾರು 59% ಜನರ ದರ ಇಳಿಯುತ್ತೆ, 41% ಜನರದ್ದು ಏರುತ್ತೆ. ಎರಡನೆಯದು, ಕಡಿಮೆ ಸ್ಕೋರ್ ಇರುವವರಲ್ಲಿ ಕಪ್ಪು ಜನಾಂಗದವರೂ ಹಿಸ್ಪಾನಿಕ್ ಮೂಲದವರೂ ಜನಸಂಖ್ಯೆಯ ಪ್ರಮಾಣಕ್ಕಿಂತ ಬಹಳ ಹೆಚ್ಚಿದ್ದಾರೆ. ಹಾಗಾಗಿ ಗುಂಪಾಗಿ ನೋಡಿದರೆ ಅವರೇ ಜಾಸ್ತಿ ಕಟ್ಟಬೇಕಾಗುತ್ತೆ. ಮಾಡೆಲ್‌ಗೆ ಜನಾಂಗದ ಮಾಹಿತಿ ಕೊಟ್ಟೇ ಇಲ್ಲ, ಆದರೂ ಫಲಿತಾಂಶ ಹೀಗೆ ಬರುತ್ತೆ. ಮಷೀನ್ ಲರ್ನಿಂಗ್ ಪ್ರಾಜೆಕ್ಟ್ ಮಾಡೋರು ಇದನ್ನು ನೆನಪಿಡಬೇಕು. ಒಂದು ಕಾಲಮ್ ಡಿಲೀಟ್ ಮಾಡಿದ ಮಾತ್ರಕ್ಕೆ ಅದರ ನೆರಳು ಬೇರೆ ಕಾಲಮ್‌ಗಳಿಂದ ಹೋಗಲ್ಲ.

ಬೇರೆ ಬೇರೆ ರಾಜ್ಯಗಳು ಬೇರೆ ಬೇರೆ ದಾರಿ ಹಿಡಿದವು. ಕ್ಯಾಲಿಫೋರ್ನಿಯಾದಲ್ಲಿ 1988ರಲ್ಲೇ ಜನರು ಮತ ಹಾಕಿ ಪ್ರೊಪೊಸಿಷನ್ 103 ಅನ್ನೋ ನಿಯಮ ತಂದಿದ್ದರು. ಅದರ ಪ್ರಕಾರ ಕಾರು ಇನ್ಶೂರೆನ್ಸ್ ದರಕ್ಕೆ ಮೊದಲು ನೋಡಬೇಕಾದ್ದು ಮೂರು: ಚಾಲನಾ ದಾಖಲೆ, ವರ್ಷಕ್ಕೆ ಎಷ್ಟು ಮೈಲಿ ಓಡಿಸ್ತೀರಿ, ಎಷ್ಟು ವರ್ಷದ ಅನುಭವ. ಕ್ಯಾಲಿಫೋರ್ನಿಯಾ, ಹವಾಯಿ, ಮ್ಯಾಸಚೂಸೆಟ್ಸ್ ರಾಜ್ಯಗಳಲ್ಲಿ ಕಾರು ಇನ್ಶೂರೆನ್ಸ್ ದರಕ್ಕೆ ಕ್ರೆಡಿಟ್ ಬಳಸುವ ಹಾಗಿಲ್ಲ.

ಹೊಸದಾಗಿ ಹೋದ ನಮ್ಮ ಸೀನಿಯರ್‌ಗಳ ಕಥೆ ಇನ್ನೊಂದು. ಅವರ ಕ್ರೆಡಿಟ್ ಕೆಟ್ಟದ್ದಲ್ಲ, ಇಲ್ಲವೇ ಇಲ್ಲ. ಇಲ್ಲಿಯ ಸಿಬಿಲ್ ಸ್ಕೋರ್ ಸಾಮಾನ್ಯವಾಗಿ ಅಲ್ಲಿಯ ಲೆಕ್ಕಕ್ಕೆ ಬರಲ್ಲ. ಕ್ರೆಡಿಟ್ ಇಲ್ಲದವರನ್ನು ಕೆಟ್ಟವರು ಅಂತ ಎಣಿಸದೆ ಮಧ್ಯಮ ಅಂತ ಎಣಿಸಬೇಕು ಅನ್ನೋ ನಿಯಮ ಹಲವು ರಾಜ್ಯಗಳಲ್ಲಿ ಇದೆ. ಹೋಗುವ ರಾಜ್ಯದ ಇನ್ಶೂರೆನ್ಸ್ ಇಲಾಖೆಯ ವೆಬ್‌ಸೈಟ್ ಒಮ್ಮೆ ನೋಡಿಕೊಂಡು ಹೋಗೋದು ಒಳ್ಳೇದು.

೬. ಕಾರೇ ಚಾಡಿ ಹೇಳಿದಾಗ

"ಹಾಗಾದರೆ ಕ್ರೆಡಿಟ್ ಬಿಡಿ, ಚಾಲನೆಯನ್ನೇ ನೇರವಾಗಿ ಅಳೆಯಿರಿ" ಅಂತ ಎಂಜಿನಿಯರ್ ತಲೆಗೆ ಥಟ್ ಅಂತ ಹೊಳೆಯುತ್ತೆ. ಟೆಲಿಮ್ಯಾಟಿಕ್ಸ್ ಅದನ್ನೇ ಮಾಡುತ್ತೆ. ಎಷ್ಟು ದೂರ, ಯಾವ ಹೊತ್ತಿನಲ್ಲಿ, ಎಷ್ಟು ವೇಗ, ಎಷ್ಟು ಸಲ ಜೋರಾಗಿ ಬ್ರೇಕ್.

ಜೋರಾಗಿ ಬ್ರೇಕ್ ಅಂದರೆ ಎಷ್ಟು? ಅಮೆರಿಕದ ಒಂದು ಹೆಸರಾಂತ ಯೋಜನೆಯಲ್ಲಿ ಸೆಕೆಂಡಿಗೆ ಗಂಟೆಗೆ 7 ಮೈಲಿಯಷ್ಟು ಅಥವಾ ಅದಕ್ಕಿಂತ ಹೆಚ್ಚು ವೇಗ ಇಳಿದರೆ ಅದು ಜೋರು ಬ್ರೇಕ್. ನಮ್ಮ ಯೂನಿಟ್‌ನಲ್ಲಿ ಸುಮಾರು 3.1 ಮೀಟರ್ ಪರ್ ಸೆಕೆಂಡ್ ಸ್ಕ್ವೇರ್, ಗುರುತ್ವದ ಮೂರನೇ ಒಂದು ಭಾಗಕ್ಕೂ ಕಡಿಮೆ. ಸೆನ್ಸರ್‌ಗೆ ಗೊತ್ತಾಗೋದು ಇಷ್ಟೇ. ಮೊಬೈಲ್ ನೋಡ್ತಾ ಮುಂದಿನ ಕಾರಿಗೆ ಗುದ್ದೋ ಹಾಗಾಗಿ ಬ್ರೇಕ್ ಹಾಕಿದವನೂ, ರಸ್ತೆಗೆ ಓಡಿ ಬಂದ ಮಗುವನ್ನು ಉಳಿಸೋಕೆ ಬ್ರೇಕ್ ಹಾಕಿದವಳೂ ಡೇಟಾದಲ್ಲಿ ಒಂದೇ.

ನಾವೇ ಒಪ್ಪಿ, ರಿಯಾಯಿತಿ ಸಿಗುತ್ತೆ ಅಂತ ಆ್ಯಪ್ ಹಾಕಿಕೊಂಡರೆ ಅದು ನಮ್ಮ ನಿರ್ಧಾರ. ಆದರೆ 2024ರ ಮಾರ್ಚ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಬೇರೆಯದೇ ಒಂದು ವಿಷಯ ಬಯಲಿಗೆ ತಂತು. ಸಿಯಾಟಲ್ ಹತ್ತಿರ ಷೆವರ್ಲೆ ಬೋಲ್ಟ್ ಓಡಿಸುವ ಒಬ್ಬರ ಇನ್ಶೂರೆನ್ಸ್ ದರ 2022ರಲ್ಲಿ 21% ಏರಿತ್ತು. ಅವರು ಯಾವತ್ತೂ ಅಪಘಾತ ಮಾಡಿದವರಲ್ಲ. ಬೇರೆ ಕಂಪನಿಗಳೂ ಜಾಸ್ತಿ ದರವನ್ನೇ ಹೇಳಿದವು. ಒಬ್ಬ ಏಜೆಂಟ್ ಮಾತ್ರ ಲೆಕ್ಸಿಸ್‌ನೆಕ್ಸಿಸ್ ವರದಿಯೂ ಒಂದು ಕಾರಣ ಅಂದರು. ಅವರು ಅದನ್ನು ತರಿಸಿಕೊಂಡರು. ಬಂದದ್ದು 258 ಪುಟ. ಅದರಲ್ಲಿ 130ಕ್ಕೂ ಹೆಚ್ಚು ಪುಟ ಹಿಂದಿನ ಆರು ತಿಂಗಳಲ್ಲಿ ಅವರೂ ಅವರ ಹೆಂಡತಿಯೂ ಆ ಕಾರು ತೆಗೆದ ಪ್ರತಿ ಸಲದ ವಿವರ: 640 ಟ್ರಿಪ್, ಶುರುವಾದ ಹೊತ್ತು, ಮುಗಿದ ಹೊತ್ತು, ದೂರ, ಅತಿ ವೇಗ, ಜೋರು ಬ್ರೇಕ್, ಜೋರು ಆ್ಯಕ್ಸಿಲರೇಷನ್. ಎಲ್ಲಿಗೆ ಹೋದರು ಅನ್ನೋದೊಂದು ಮಾತ್ರ ಇರಲಿಲ್ಲ.

ಡೇಟಾ ಕೊಟ್ಟಿದ್ದು ಕಾರು ತಯಾರಕರಾದ ಜನರಲ್ ಮೋಟಾರ್ಸ್, ಆನ್‌ಸ್ಟಾರ್ ಸ್ಮಾರ್ಟ್ ಡ್ರೈವರ್ ಅನ್ನೋ ಸೌಲಭ್ಯದ ಮೂಲಕ. ಸುದ್ದಿ ಬಂದ ಅದೇ ತಿಂಗಳು ಕಂಪನಿ ಲೆಕ್ಸಿಸ್‌ನೆಕ್ಸಿಸ್‌ಗೂ ವೆರಿಸ್ಕ್‌ಗೂ ಡೇಟಾ ಕೊಡೋದನ್ನು ನಿಲ್ಲಿಸಿತು. 2025ರ ಜನವರಿಯಲ್ಲಿ ಫೆಡರಲ್ ಟ್ರೇಡ್ ಕಮಿಷನ್ ಕ್ರಮ ಪ್ರಕಟಿಸಿತು. ಜನರಿಗೆ ಸರಿಯಾಗಿ ತಿಳಿಸದೆ, ಕೆಲವೊಮ್ಮೆ ಮೂರು ಸೆಕೆಂಡಿಗೊಮ್ಮೆ ಸ್ಥಳದ ಡೇಟಾ ಸಂಗ್ರಹಿಸಿದರು ಅನ್ನೋದು ಆರೋಪ. ಸ್ಥಳ ಮತ್ತು ಚಾಲನೆಯ ಡೇಟಾವನ್ನು ಐದು ವರ್ಷ ಕನ್ಸ್ಯೂಮರ್ ರಿಪೋರ್ಟಿಂಗ್ ಕಂಪನಿಗಳಿಗೆ ಕೊಡಬಾರದು ಅನ್ನೋದು ಆದೇಶದ ಮುಖ್ಯ ಅಂಶ.

೭. ಹಕ್ಕುಗಳು: ಕೇಳಿದರೆ ಮಾತ್ರ ಸಿಗುವಂಥವು

ಮೇಲಿನ ಕಥೆಯಲ್ಲಿ ಒಂದು ವಿಷಯ ಇದೆ. ಆ ವ್ಯಕ್ತಿಗೆ ವರದಿ ಸಿಕ್ಕಿದ್ದು ಹೇಗೆ? 1970ರ ಕಾನೂನಿನಿಂದ. ಅದು ಕೊಡುವ ಮುಖ್ಯ ಹಕ್ಕುಗಳು ಇವು:

ವರದಿ ನೋಡಿ ದರ ಏರಿಸಿದರೆ ಅಥವಾ ಪಾಲಿಸಿ ನಿರಾಕರಿಸಿದರೆ ಕಂಪನಿ ಅಡ್ವರ್ಸ್ ಆ್ಯಕ್ಷನ್ ನೋಟಿಸ್ ಕೊಡಬೇಕು. ವರದಿ ಯಾರಿಂದ ಬಂತು ಅಂತ ಅದರಲ್ಲಿ ಹೇಳಬೇಕು.
ನೋಟಿಸ್ ಬಂದ 60 ದಿನದೊಳಗೆ ಕೇಳಿದರೆ ಆ ವರದಿಯ ಪ್ರತಿ ಉಚಿತ.
ನೋಟಿಸ್ ಇಲ್ಲದಿದ್ದರೂ ಕ್ಲೂ ಥರದ ವರದಿಯನ್ನು 12 ತಿಂಗಳಿಗೊಮ್ಮೆ ಉಚಿತವಾಗಿ ತರಿಸಬಹುದು.
ತಪ್ಪಿದ್ದರೆ ತಕರಾರು ಹಾಕಬಹುದು. ಸಾಮಾನ್ಯವಾಗಿ 30 ದಿನದಲ್ಲಿ ಪರಿಶೀಲಿಸಬೇಕು. ಖಚಿತಪಡಿಸೋಕೆ ಆಗದಿದ್ದರೆ ತೆಗೆಯಬೇಕು ಅಥವಾ ತಿದ್ದಬೇಕು.

ಇಲ್ಲಿ ಒಂದು ಸೂಕ್ಷ್ಮ ಪ್ರಶ್ನೆ ಬರುತ್ತೆ. ಹೊಸ ಗ್ರಾಹಕನಿಗೆ ಹಳೆ ದರ ಅಂತಲೇ ಇರಲ್ಲ. ಹಾಗಿದ್ದಾಗ "ಏರಿಕೆ" ಅಂದರೆ ಯಾವುದಕ್ಕಿಂತ ಏರಿಕೆ? ಇದು ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. 2007ರ ಜೂನ್‌ನ ಸೇಫ್‌ಕೋ ವರ್ಸಸ್ ಬರ್ ತೀರ್ಪಿನಲ್ಲಿ ಕೋರ್ಟ್ ಹೇಳಿದ್ದು: ಮೊದಲ ದರವೂ ಏರಿಕೆ ಆಗಬಹುದು. ಹೋಲಿಸಬೇಕಾದ್ದು ಅತ್ಯುತ್ತಮ ದರದ ಜೊತೆ ಅಲ್ಲ, ಕ್ರೆಡಿಟ್ ವರದಿಯನ್ನು ನೋಡದೇ ಇದ್ದಿದ್ದರೆ ಎಷ್ಟು ದರ ಬರ್ತಿತ್ತೋ ಅದರ ಜೊತೆ. ನಮ್ಮ ಮೇಲಿನ ಉದಾಹರಣೆಯಲ್ಲಿ ಆ ತಟಸ್ಥ ದರ 660. ವರದಿ ನೋಡಿ 924 ಹಾಕಿದರೆ ನೋಟಿಸ್ ಕೊಡಬೇಕು. 660 ಹಾಕಿದರೆ, ಪಕ್ಕದವನಿಗೆ 528 ಸಿಕ್ಕಿದ್ದರೂ ನೋಟಿಸ್ ಬರಲ್ಲ. ಅದಕ್ಕೇ ನೋಟಿಸ್ ಬರಲಿ ಅಂತ ಕಾಯಬಾರದು, ವರ್ಷಕ್ಕೊಮ್ಮೆ ನಾವೇ ತರಿಸಿ ನೋಡಬೇಕು.

ಇನ್ನೊಂದು ಸಮಾಧಾನ: ಇನ್ಶೂರೆನ್ಸ್ ಕಂಪನಿ ನಿಮ್ಮ ಕ್ರೆಡಿಟ್ ನೋಡಿದರೆ ಅದರಿಂದ ಸ್ಕೋರ್ ಇಳಿಯಲ್ಲ. ನಾಲ್ಕು ಕಡೆ ದರ ಕೇಳೋಕೆ ಹೆದರಬೇಕಿಲ್ಲ.

೮. ನಮ್ಮಲ್ಲಿ ಹೇಗೆ?

ಇಲ್ಲಿ ಥರ್ಡ್ ಪಾರ್ಟಿ ದರವನ್ನು ಸರ್ಕಾರವೇ ನಿಗದಿ ಮಾಡುತ್ತೆ. ನಮ್ಮ ಗಾಡಿಯ ಸ್ವಂತ ಡ್ಯಾಮೇಜ್ ಭಾಗದ ದರ ಕಂಪನಿಯದ್ದು. ಅದರಲ್ಲಿ ಗಾಡಿಯ ಬೆಲೆ, ವಯಸ್ಸು, ಎಂಜಿನ್ ಸಾಮರ್ಥ್ಯ, ನೋಂದಣಿಯಾದ ವಲಯ ನೋಡ್ತಾರೆ. ಖಾಸಗಿ ಕಾರುಗಳಿಗೆ ಬೆಂಗಳೂರು ಎ ವಲಯ, ಹುಬ್ಬಳ್ಳಿ ಬಿ ವಲಯ.

ಕ್ಲೇಮ್ ಇತಿಹಾಸ ಇಲ್ಲಿ ಬರೋದು ನೋ ಕ್ಲೇಮ್ ಬೋನಸ್ ರೂಪದಲ್ಲಿ. ಕ್ಲೇಮ್ ಇಲ್ಲದ ಒಂದೊಂದು ವರ್ಷಕ್ಕೂ ಸ್ವಂತ ಡ್ಯಾಮೇಜ್ ದರದಲ್ಲಿ 20, 25, 35, 45, 50% ಅಂತ ರಿಯಾಯಿತಿ ಏರುತ್ತೆ. ಇದು ಕಾರಿಗಲ್ಲ, ಮಾಲೀಕರಿಗೆ ಸೇರಿದ್ದು. ಅಪ್ಪ ಹಳೆ ಕಾರು ಮಾರಿ ಹೊಸದು ತಗೊಂಡರೆ ಬೋನಸ್ ಅವರ ಜೊತೆ ಬರುತ್ತೆ, ಹಳೆ ಕಾರು ಕೊಂಡವರಿಗೆ ಹೋಗಲ್ಲ. ಮನೆಯಲ್ಲಿ ಇದನ್ನೊಮ್ಮೆ ಕೇಳಿ ನೋಡಿ, ಎಷ್ಟೋ ಜನ ವರ್ಗಾಯಿಸಿಕೊಂಡಿರೋದೇ ಇಲ್ಲ.

ಟೆಲಿಮ್ಯಾಟಿಕ್ಸ್ ಇಲ್ಲಿಗೂ ಬಂದಿದೆ. 2022ರ ಜುಲೈನಲ್ಲಿ ಐಆರ್‌ಡಿಎಐ "ಓಡಿಸಿದಷ್ಟು ಕಟ್ಟಿ", "ಓಡಿಸಿದ ಹಾಗೆ ಕಟ್ಟಿ" ಅನ್ನೋ ಥರದ ಆಡ್-ಆನ್‌ಗಳಿಗೆ ಅವಕಾಶ ಕೊಟ್ಟಿತು. ತಗೊಳ್ಳೋರು ಡೇಟಾ ಬೇರೆ ಯಾರಿಗೆ ಹೋಗುತ್ತೆ ಅನ್ನೋ ಸಾಲನ್ನು ಷರತ್ತುಗಳಲ್ಲಿ ಹುಡುಕಿ ಓದಬೇಕು.

ನಾಳೆ ಈ ಆ್ಯಪ್‌ಗಳನ್ನೂ ಮಾಡೆಲ್‌ಗಳನ್ನೂ ಬರೆಯೋರು ನಮ್ಮ ಬ್ಯಾಚಿನಲ್ಲೇ ಇದ್ದಾರೆ. ಅವರಿಗಾಗಿ, ಉಳಿದವರಿಗಾಗಿ ಕೂಡ, ಮೂರು ಪ್ರಶ್ನೆ ಕೊಟ್ಟು ಪಾಠ ಮುಗಿಸ್ತೀವಿ.

ಮಾಡಿ ನೋಡಿ

1. ಮೊದಲ ಭಾಗದ ಲೆಕ್ಕದಲ್ಲಿ ಎರಡು ಗುಂಪಿನ ಅಪಘಾತ 10 ಮತ್ತು 40 ಆದರೆ ದರ ಎಷ್ಟೆಷ್ಟು? ಅಪಘಾತ ಮಾಡದೆಯೂ 200ಕ್ಕಿಂತ ಜಾಸ್ತಿ ಕಟ್ಟುವವರು ಎಷ್ಟು ಜನ?

2. ಮೂಲ ದರ 1000 ಡಾಲರ್, ಜಾಗದ ಗುಣಕ 1.2, ಕ್ರೆಡಿಟ್ ಗುಣಕ 0.9. ಈ ಹೊಸ ಗ್ರಾಹಕರಿಗೆ ಅಡ್ವರ್ಸ್ ಆ್ಯಕ್ಷನ್ ನೋಟಿಸ್ ಕೊಡಬೇಕಾ? ಸೇಫ್‌ಕೋ ತೀರ್ಪಿನ ಪ್ರಕಾರ ಉತ್ತರಿಸಿ.

3. ಜೋರು ಬ್ರೇಕ್‌ಗಳಲ್ಲಿ ಅಜಾಗರೂಕತೆಯ ಬ್ರೇಕ್ ಯಾವುದು, ಜಾಗರೂಕತೆಯ ಬ್ರೇಕ್ ಯಾವುದು ಅಂತ ಬೇರ್ಪಡಿಸೋಕೆ ಇನ್ನೂ ಯಾವ ಸೆನ್ಸರ್ ಬೇಕಾಗುತ್ತೆ? ಅದನ್ನು ಸೇರಿಸಿದರೆ ಚಾಲಕರ ಬಗ್ಗೆ ಇನ್ನೂ ಏನೇನು ಗೊತ್ತಾಗಿಬಿಡುತ್ತೆ?

ಮೊದಲ ಎರಡಕ್ಕೆ ಉತ್ತರ: 80 ಮತ್ತು 320 ಡಾಲರ್, 460 ಜನ, ಬೇಕಿಲ್ಲ, ಯಾಕಂದ್ರೆ 1080 ಅನ್ನೋದು ತಟಸ್ಥ ದರವಾದ 1200ಕ್ಕಿಂತ ಕಡಿಮೆ. ಮೂರನೆಯದಕ್ಕೆ ಉತ್ತರ ಬರೆದು ಕ್ಲಬ್ಬಿಗೆ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಚರ್ಚೆ ಮಾಡೋಣ.